ರಕ್ತ ಹೇಳಿದ ಚಾಡಿ

ಹಳೆಯ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಕಟ್ಟಿಕೊಡುವುದು ಅವರ ಕಸುಬು. ಬೀದಿಯವರು ಇಟ್ಟ ಹೆಸರು ಮಾತ್ರ ಇನ್ಸ್‌ಪೆಕ್ಟರಮ್ಮ. ಯಾರ ಮನೆಗೆ ಹೋದರೂ ಹೊಸ್ತಿಲು ದಾಟುವಾಗ ಅವರ ಮೂಗು ಮುಂದೆ, ಕಾಲು ಹಿಂದೆ. "ಒದ್ದೆ ಟವೆಲ್ ಮಡಿಸಿಟ್ಟಿದ್ದೀಯ, ತೆಗೆದು ಬಿಸಿಲಿಗೆ ಹಾಕು," ಎಂದು ಕುರ್ಚಿಯ ಮೇಲೆ ಕೂರುವ ಮೊದಲೇ ಅಪ್ಪಣೆಯಾಗುತ್ತಿತ್ತು. ಮನೆಯಾಕೆ ಮುಖ ಗಂಟಿಕ್ಕಿಕೊಂಡು ಹುಡುಕಿದರೆ ಟವೆಲು ಕಪಾಟಿನ ಮೂಲೆಯಲ್ಲಿ ಇದ್ದೇ ಇರುತ್ತಿತ್ತು. ಇಂಥ ಮೂಗಿನ ಮುಂದೆ ವಾದ ಮಾಡುವುದು ಹೇಗೆ? ಜನ ಹಿಂದಿನಿಂದ ಬೈದುಕೊಂಡರು, ಮುಂದೆ ಹೆದರಿಕೊಂಡರು, ಅವರು ಬರುತ್ತಾರೆಂದು ತಿಳಿದರೆ ಕಿಟಕಿಗಳನ್ನೆಲ್ಲ ತೆರೆದಿಟ್ಟರು.

ಕಸುಬಿನಲ್ಲಿಯೂ ಆ ಮೂಗೇ ಅವರ ಬಂಡವಾಳ. ಗ್ರಂಥಾಲಯದವರು ಹರಿದ ಪುಸ್ತಕಗಳ ಕಟ್ಟು ತಂದಿಳಿಸಿದರೆ ಒಂದೊಂದನ್ನೂ ನಡುವೆ ಬಿಡಿಸಿ, ಹಾಳೆಗಳ ಸಂದಿಯಲ್ಲಿ ಮುಖವಿಟ್ಟು ಉಸಿರೆಳೆದುಕೊಂಡು ಎರಡು ರಾಶಿ ಮಾಡುತ್ತಿದ್ದರು. ಒಣಗಿದ್ದು ನೇರವಾಗಿ ಹೊಲಿಗೆಗೆ. ಬೂಷ್ಟು ಹಿಡಿದದ್ದು ಮೊದಲು ಬಿಸಿಲಿಗೆ. ಕಣ್ಣಿಗೆ ಕಾಣುವ ಮುನ್ನವೇ ಬೂಷ್ಟು ಅವರ ಮೂಗಿಗೆ ಸಿಕ್ಕಿಬೀಳುತ್ತಿತ್ತು. ಗ್ರಂಥಪಾಲಕರು ಅದನ್ನು ನೋಡಲೆಂದೇ ಕೆಲಸ ಬಿಟ್ಟು ನಿಲ್ಲುತ್ತಿದ್ದರು.

ಆ ಮೂಗು ಯಾವಾಗ ಕೈಕೊಟ್ಟಿತೆಂದು ಅವರಿಗೇ ಸರಿಯಾಗಿ ತಿಳಿಯದು. ಮೊದಲು ಶೀತವೆಂದುಕೊಂಡರು. ಶೀತ ಬಂದ ನೆಂಟನಂತೆ ಹೊರಡುವ ಮಾತೇ ಆಡಲಿಲ್ಲ. ಹಣೆಯೊಳಗೆ ಒದ್ದೆ ಹತ್ತಿ ತುರುಕಿದಂಥ ಭಾರ, ಕೆನ್ನೆಯ ಮೂಳೆಯಲ್ಲಿ ನೋವು, ಗಂಟಲಿಗೆ ಸದಾ ಇಳಿಯುವ ಕಫ. ಬಾಯಿ ತೆರೆದು ಮಲಗಿ, ಬೆಳಿಗ್ಗೆ ಒಣಗಿದ ನಾಲಿಗೆಯೊಡನೆ ಏಳುವುದು. ಒಂದು ದಿನ ಮುಖ ತೊಳೆಯುವಾಗ ಸೋಪು ಮೂಗಿನ ಹತ್ತಿರ ಬಂದರೂ ಕಲ್ಲು ಬಂದಂತಾಯಿತು. ಕಾಗದ ಸುತ್ತಿದ ಹೊಸ ಸೋಪು ಬಿಚ್ಚಿ ಹಿಡಿದರು. ಅದೂ ಕಲ್ಲು. ಆಗ ಅರ್ಥವಾಯಿತು.

ಅರ್ಥವಾದದ್ದನ್ನು ಯಾರಿಗೂ ಹೇಳಲಿಲ್ಲ. ಇನ್ಸ್‌ಪೆಕ್ಟರಮ್ಮನಿಗೆ ವಾಸನೆ ತಿಳಿಯದು ಎಂಬ ಮಾತು ಬೀದಿಗೆ ಬಿದ್ದರೆ ಎಷ್ಟು ಮನೆಗಳಲ್ಲಿ ನಗೆಯ ಹಬ್ಬವಾದೀತೆಂದು ಅವರಿಗೆ ಗೊತ್ತಿತ್ತು. ಹಾಗಾಗಿ ನಾಟಕ ಶುರುವಾಯಿತು. ಪುಸ್ತಕವನ್ನು ಮೊದಲಿನಂತೆಯೇ ಬಿಡಿಸಿ ಮುಖವಿಡುವುದು. ಆದರೆ ಬೆರಳ ತುದಿಯಿಂದ ಹಾಳೆಯ ತೇವವನ್ನು ಮುಟ್ಟಿ ನೋಡುವುದು, ಅಂಚಿನ ಕಲೆಯನ್ನು ಓರೆಗಣ್ಣಿನಿಂದ ಗುರುತಿಸುವುದು, ಆಮೇಲೆ ಗಂಭೀರವಾಗಿ ತಲೆಯಾಡಿಸಿ ರಾಶಿಗೆ ಹಾಕುವುದು. ಗ್ರಂಥಪಾಲಕರು ಈಗಲೂ ನಿಂತು ನೋಡಿ ಬೆರಗಾಗುತ್ತಿದ್ದರು. ಆ ಬೆರಗು ಮೊದಲು ಸಿಹಿಯಾಗಿತ್ತು. ಈಗ ಕದ್ದು ತಿಂದದ್ದರ ರುಚಿ ಬಂದಿತ್ತು.

ಗುಟ್ಟು ಗೊತ್ತಾದದ್ದು ಒಬ್ಬಳಿಗೆ, ಸೊಸೆಗೆ. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ತಳ ಕರಿಕಟ್ಟಿ ಹೊಗೆಯೆದ್ದಿತ್ತು. ಅಮ್ಮ ಒಲೆಗೆ ಬೆನ್ನು ಮಾಡಿ ಅಲ್ಲೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಸೊಸೆ ಓಡಿಬಂದು ಒಲೆ ಆರಿಸಿ ಅತ್ತೆಯ ಮುಖ ನೋಡಿದಳು. ಅತ್ತೆಯೂ ಅವಳ ಮುಖ ನೋಡಿದರು. ಅಷ್ಟರಲ್ಲಿ ಬಸ್ಸಿನ ಡ್ಯೂಟಿ ಮುಗಿಸಿ ಒಳಗೆ ಬಂದ ಮಗ, "ಇದೇನು, ಇಡೀ ಬೀದಿಗೇ ಸೀದ ವಾಸನೆ! ಅಮ್ಮ, ನೀವು ಇಲ್ಲೇ ಇದ್ದೀರಲ್ಲ?" ಎಂದ. ಸೊಸೆ ತಡಮಾಡದೆ, "ನಾನೇ ಹಾಲಿಟ್ಟು ಮರೆತೆ. ಅತ್ತೆ ಈಗ ತಾನೇ ಬಂದು ಕೂತ್ರು," ಎಂದಳು. ಪಾತ್ರೆ ತಿಕ್ಕಿದವಳೂ ಅವಳೇ. ಆಮೇಲೆ ಇಬ್ಬರೂ ಆ ಮಾತನ್ನು ಎತ್ತಲಿಲ್ಲ. ಸೊಸೆ ಬೇರೆ ಯಾರ ಹತ್ತಿರವೂ ಬಾಯಿಬಿಡಲಿಲ್ಲ.

ಸೊಸೆ ಆ ಮನೆಗೆ ಬಂದಮೇಲೆ ಅಡುಗೆಮನೆ ಅವಳದಾಯಿತು. ಕೈ ಚುರುಕು, ಮಾತು ಕಡಿಮೆ. ಪಕ್ಕದ ಬೀದಿಯ ವಿಮಾ ಕಚೇರಿಯ ಗುಮಾಸ್ತರಿಗೆ ಮಧ್ಯಾಹ್ನದ ಊಟದ ಡಬ್ಬಿ ಒಯ್ದು ಕೊಡುವುದನ್ನು ತಾನಾಗಿಯೇ ಶುರುಮಾಡಿದ್ದಳು. ಮೊದಲು ಒಬ್ಬಿಬ್ಬರು, ಬರುಬರುತ್ತ ಇಡೀ ಮಹಡಿ. ಎರಡು ಕೈಯಲ್ಲೂ ಡಬ್ಬಿಗಳ ಚೀಲ ಹಿಡಿದು ಹೊರಟಾಗ ಅವಳ ಬೆನ್ನು ನೆಟ್ಟಗಾಗುವುದನ್ನು ಅತ್ತೆ ಗಮನಿಸಿದ್ದರು. ಮೆಚ್ಚಿಕೊಂಡಿದ್ದರು ಕೂಡ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಅಡುಗೆಮನೆಗೆ ಅಂಟಿಕೊಂಡೇ ಅವರ ಕೆಲಸದ ಕೋಣೆ. ನಡುವೆ ಒಂದು ಬಾಗಿಲು. ಒಳಗೆ ಅವರ ತಂದೆಯ ಕಾಲದ ದಪ್ಪ ಹಲಗೆಯ ಮೇಜು, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ರಟ್ಟಿನ ರಾಶಿ, ಮೈದಾ ಕಾಸಿ ಮಾಡಿದ ಅಂಟಿನ ಪಾತ್ರೆ. ಆ ಕೋಣೆಗೆ ಬೇರೆಯವರ ಪೊರಕೆ ಬರಕೂಡದು. "ಒಂದು ಹಾಳೆ ಹಾರಿಹೋದರೆ ಪುಸ್ತಕಕ್ಕೆ ಕಾಲು ಮುರಿದ ಹಾಗೆ. ನನ್ನ ಕೋಣೆ ನಾನು ನೋಡ್ಕೊಳ್ತೀನಿ," ಎಂಬುದು ಮನೆಯ ಕಾನೂನು.

ಕೊನೆಗೆ ಮಗ ಹಟ ಹಿಡಿದು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದ. ಕಿವಿ, ಮೂಗು, ಗಂಟಲಿನ ಡಾಕ್ಟರು ಸಣ್ಣ ಕೊಳವೆಯೊಂದನ್ನು ಮೂಗಿಗೆ ಇಳಿಸಿ ಪರದೆಯ ಮೇಲೆ ಒಳಗಿನದನ್ನೆಲ್ಲ ತೋರಿಸಿದರು. ಎರಡು ಹೊಳ್ಳೆಗಳಲ್ಲೂ ಸಿಪ್ಪೆ ಸುಲಿದ ದ್ರಾಕ್ಷಿಯ ಗೊಂಚಲಿನಂತೆ ಬಿಳಿಚಿದ ಗಡ್ಡೆಗಳು ಜೋತುಬಿದ್ದಿದ್ದವು. ಕೆನ್ನೆ, ಹಣೆಗಳ ಮೂಳೆಯೊಳಗೆ ಗಾಳಿಗೆಂದು ಇರುವ ಗೂಡುಗಳು ಕಫದಿಂದ ತುಂಬಿಹೋಗಿವೆ ಎಂದು ಸ್ಕ್ಯಾನ್ ಹೇಳಿತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅದಕ್ಕೆ ಮೊದಲು ಅಲರ್ಜಿಯದೊಂದು ರಕ್ತಪರೀಕ್ಷೆ ಆಗಲಿ ಎಂದರು ಡಾಕ್ಟರು.

ಆ ಪರೀಕ್ಷೆಯ ಫಲ ಕೇಳಲು ಹೋದ ದಿನ ಮಗನಿಗೆ ರಜೆ ಸಿಗದೆ ಜೊತೆಗೆ ಬಂದವಳು ಸೊಸೆ.

"ನಿಮ್ಮ ರಕ್ತದಲ್ಲಿ ಅಲರ್ಜಿ ಪ್ರತಿಕಾಯಗಳು ತುಂಬ ಹೆಚ್ಚಾಗಿವೆಯಮ್ಮ," ಎಂದರು ಡಾಕ್ಟರು. "ಧೂಳಿಗೆ ಸ್ವಲ್ಪ. ಜಿರಳೆಗೆ ಮಾತ್ರ ವಿಪರೀತ."

"ಯಾವುದಕ್ಕೆ?"

"ಜಿರಳೆಗೆ. ಅದರ ಹಿಕ್ಕೆ, ಉದುರಿದ ಕಾಲು, ರೆಕ್ಕೆ ಎಲ್ಲ ಒಣಗಿ ಪುಡಿಯಾಗಿ ಗಾಳಿಗೆ ಸೇರುತ್ತೆ. ಮೈ ಒಮ್ಮೆ ಅದನ್ನ ಶತ್ರು ಅಂತ ಗುರುತು ಹಿಡಿದ್ರೆ ಅದಕ್ಕಂತಲೇ ಕಾವಲಿನವರನ್ನ ಇಟ್ಕೊಂಡುಬಿಡುತ್ತೆ. ಅವರೇ ಪ್ರತಿಕಾಯಗಳು. ಆ ಪುಡಿ ಮೂಗಿಗೆ ಬಿದ್ದಾಗಲೆಲ್ಲ ಗಲಾಟೆ ಎಬ್ಬಿಸ್ತಾರೆ. ಊತ ಬರುತ್ತೆ, ನೀರು ಸುರಿಯುತ್ತೆ."

"ಆಪರೇಷನ್ ಮಾಡಿದ್ರೆ ಅವರೂ ಹೋಗ್ತಾರಲ್ಲ?"

ಡಾಕ್ಟರು ನಕ್ಕರು. "ನಾನು ಮೂಗಿನ ದಾರಿ ಬಿಡಿಸಬಲ್ಲೆ. ರಕ್ತದಲ್ಲಿ ಕೂತಿರೋರನ್ನ ಕತ್ತರಿಯಿಂದ ತೆಗೆಯೋಕೆ ಆಗಲ್ಲ. ಗಡ್ಡೆ ಬೆಳೆಯೋದಕ್ಕೆ ಇದೊಂದೇ ಕಾರಣ ಅಂತಾನೂ ನಾನು ಹೇಳಲ್ಲ. ಆದ್ರೆ ದಿನಾ ಅದೇ ಗಾಳಿ ಕುಡೀತಾ ಇದ್ರೆ ಗಡ್ಡೆ ಮತ್ತೆ ಬರಬಹುದು, ನೀವೂ ಮತ್ತೆ ನನ್ನ ಹತ್ರಾನೇ ಬರಬೇಕಾಗಬಹುದು. ಅದಕ್ಕೇ ಕೇಳ್ತಿದ್ದೀನಿ. ಮನೆಯಲ್ಲಿ, ಇಲ್ಲ ಕೆಲಸದ ಜಾಗದಲ್ಲಿ ಜಿರಳೆ ಇವೆಯಾ? ನಾಚಿಕೆ ಪಡಬೇಕಾದ್ದೇನಿಲ್ಲ, ಎಷ್ಟೋ ಚೊಕ್ಕ ಮನೆಗಳಲ್ಲೂ ಇರ್ತಾವೆ."

ನಾಚಿಕೆ ಬೇಡ ಎಂದು ಯಾರಾದರೂ ಹೇಳಿದರೆ ಅಲ್ಲಿ ನಾಚಿಕೆಯ ವಿಷಯವಿದೆ ಎಂದೇ ಅರ್ಥ. ಊರಿನ ಮನೆಗಳನ್ನೆಲ್ಲ ಮೂಸಿ ತೀರ್ಪು ಕೊಟ್ಟ ತನ್ನ ಮೈಯೊಳಗೆ ಜಿರಳೆಯ ಲೆಕ್ಕ ಬರೆದಿಟ್ಟಿದೆ! ಸ್ವಂತ ರಕ್ತವೇ ಹೊರಗಿನವರ ಮುಂದೆ ಚಾಡಿ ಹೇಳಿಬಿಟ್ಟಂತೆ ಅನ್ನಿಸಿತು. ಆ ಗಳಿಗೆಯಲ್ಲಿ ಕೈಗೆ ಸಿಕ್ಕ ಆಸರೆಯನ್ನು ಹಿಡಿದುಕೊಂಡರು.

"ಕೆಲಸದ ಕೋಣೆ ನನ್ನ ಕೈಯಲ್ಲಿದೆ ಡಾಕ್ಟ್ರೇ, ಅಲ್ಲಿ ಅಂಥದ್ದೆಲ್ಲ ಇಲ್ಲ. ಅಡುಗೆಮನೆ ಇವಳು ಬಂದಮೇಲೆ ಇವಳ ಕೈಯಲ್ಲಿ. ನಾನು ಕಾಲಿಡೋದು ಕಡಿಮೆ."

ಡಾಕ್ಟರು ಸೊಸೆಯ ಕಡೆ ತಿರುಗಿ, ಎಂಜಲು ಪಾತ್ರೆ ಬಿಡಬಾರದು, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ತೇವ ಇರಬಾರದು, ಡಬ್ಬಗಳಿಗೆ ಮುಚ್ಚಳ ಬಿಗಿಯಾಗಿರಬೇಕು ಎಂದು ಸಣ್ಣ ಮಗುವಿಗೆ ಹೇಳುವಂತೆ ಒಂದೊಂದಾಗಿ ಹೇಳಿದರು. ಅವಳು ಮಡಿಲಲ್ಲಿದ್ದ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, "ಆಯ್ತು ಡಾಕ್ಟ್ರೇ," ಎಂದಳು.

ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತಲೇ ಕೇಳಿದಳು. "ಅತ್ತೆ, ನಮ್ಮ ಅಡುಗೆಮನೆಯಲ್ಲಿ ನಾನು ಒಂದೂ ಜಿರಳೆ ನೋಡಿಲ್ಲ. ನೀವು ನೋಡಿದ್ದೀರಾ?"

"ನೀನು ನೋಡಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತ ಅಲ್ಲ. ನನ್ನ ರಕ್ತವೇನು ಸುಳ್ಳು ಹೇಳುತ್ತಾ?"

ಅಷ್ಟಕ್ಕೇ ನಿಂತಿದ್ದರೂ ಮನೆಯೊಳಗಿನ ಮಾತಾಗಿ ಉಳಿಯುತ್ತಿತ್ತು. ಮರುದಿನ ಎದುರುಮನೆಯ ದರ್ಜಿ, ಹೊಲಿಗೆ ಯಂತ್ರದ ಹಿಂದಿನಿಂದಲೇ ಕೂಗಿ ಕೇಳಿದಳು. "ಏನಕ್ಕ, ಏನಂದ್ರು ಡಾಕ್ಟರು? ಮೂಗಿಗೆ ಕತ್ತರಿ ಹಾಕ್ತಾರಂತೆ?"

"ಹಾಕ್ತಾರೆ."

"ಅಯ್ಯೋ, ಏನಾಗಿತ್ತು ಅಂಥ ಮೂಗಿಗೆ?"

ಇನ್ಸ್‌ಪೆಕ್ಟರಮ್ಮನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಸುಮ್ಮನಿರಲು ಜಂಬ ಬಿಡಲಿಲ್ಲ. "ಏನು ಹೇಳಲಿ! ಒಬ್ಬರು ಅಡುಗೆಮನೆಗೆ ಕೈ ಹಾಕಿದ್ರೆ ಇನ್ನೊಬ್ಬರ ಮೂಗಿಗೆ ಆಪರೇಷನ್. ಜಿರಳೆ ಅಂತೆ."

ದರ್ಜಿ ಪೆಡಲು ನಿಲ್ಲಿಸಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಎಷ್ಟೋ ಕಾಲದಿಂದ ತಮ್ಮ ಮಾತಿಗೆ ಯಾರೂ ಹಾಗೆ ನಕ್ಕಿರಲಿಲ್ಲ. ಅಮ್ಮನಿಗೆ ಅದು ಹಿತವಾಯಿತು. ಆ ಹಿತವನ್ನು ನೆನೆದು ಮುಂದೆ ಅವರು ಎಷ್ಟು ಸಲ ತುಟಿ ಕಚ್ಚಿಕೊಂಡರೋ!

ದರ್ಜಿಯ ತಂಗಿ ವಿಮಾ ಕಚೇರಿಯಲ್ಲಿ ಟೈಪಿಸ್ಟು. ಮಾತು ಬೀದಿ ದಾಟಿ, ಮೆಟ್ಟಿಲು ಹತ್ತಿ, ಗುಮಾಸ್ತರ ಮೇಜುಗಳ ನಡುವೆ ಕೂತಿತು. ಮೊದಲು ಒಂದೆರಡು ಡಬ್ಬಿ ಮುಟ್ಟದೆ ಹಿಂದಕ್ಕೆ ಬಂದವು. ಹೊಟ್ಟೆ ಸರಿಯಿಲ್ಲ ಎಂದರಂತೆ. ಆಮೇಲೆ ಮನೆಯಿಂದಲೇ ಊಟ ತರುತ್ತೇವೆ ಎಂದು ಕೆಲವರು. ಒಬ್ಬ ಗುಮಾಸ್ತ ಮಾತ್ರ ಮುಖದ ಮೇಲೆಯೇ ಹೇಳಿದ. "ಇವತ್ತು ಬೇಡಮ್ಮ, ನನಗೆ ಆಪರೇಷನ್ ಮಾಡಿಸ್ಕೊಳ್ಳೋಕೆ ರಜೆ ಇಲ್ಲ." ಸುತ್ತಲಿದ್ದವರು ನಕ್ಕರು. ಆ ಮಾತು ಎಲ್ಲಿ ಹುಟ್ಟಿದ್ದೆಂದು ಸೊಸೆಗೆ ಅಲ್ಲಿಯೇ ತಿಳಿಯಿತು; ಟೈಪಿಸ್ಟು ಅದನ್ನು ಹುಟ್ಟಿದ ಊರು ಸಮೇತ ಹೇಳಿಯೇ ಹರಡಿದ್ದಳು.

ಮನೆಗೆ ಬಂದವಳು ಅತ್ತೆಯನ್ನು ಒಂದು ಮಾತೂ ಕೇಳಲಿಲ್ಲ. ಅಡುಗೆಮನೆಯನ್ನು ಬುಡಮೇಲು ಮಾಡಿದಳು. ಡಬ್ಬಗಳೆಲ್ಲ ಅಂಗಳದ ಬಿಸಿಲಿಗೆ ಬಂದವು. ಕಪಾಟಿನ ಹಲಗೆಗಳನ್ನು ಕಳಚಿ ಬಿಸಿನೀರಿನಲ್ಲಿ ತಿಕ್ಕಿದಳು. ಬ್ಯಾಟರಿ ಹಿಡಿದು ತೊಟ್ಟಿಯ ಕೆಳಗೆ ಹೊಟ್ಟೆಯ ಮೇಲೆ ಮಲಗಿ ನೋಡಿದಳು. ಏನೂ ಸಿಗಲಿಲ್ಲ. ಸಂಜೆಗೆ ಮಾತ್ರ ಕೆಲಸದ ಕೋಣೆಯ ಬಾಗಿಲಿನ ಹತ್ತಿರ ಒಂದು ಜಿರಳೆ ಸರಿದಾಡಿತು. ಅದರ ಮೇಲೆ ಗಾಜಿನ ಲೋಟ ಕವುಚಿ ಅತ್ತೆಯನ್ನು ಕರೆದಳು.

"ನೋಡಿದ್ಯಾ! ಇದೆಯಲ್ಲ!" ಅತ್ತೆಯ ದನಿಯಲ್ಲಿ ಗೆಲುವಿತ್ತು.

"ಇದೆ ಅತ್ತೆ. ಯಾವ ಕಡೆಯಿಂದ ಬಂತು ಅಂತ ನೋಡಿ."

"ಎಲ್ಲಿಂದ ಬಂದ್ರೂ ಅದು ಹೊರಟಿರೋದು ಅಡುಗೆಮನೆಗೇ ತಾನೆ?"

ಮಗ ಊಟಕ್ಕೆ ಕೂತವನು ತಲೆ ಎತ್ತದೆ, "ಅಮ್ಮ, ಸಾಕು," ಎಂದ. ಅವನು ತಾಯಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಆಪರೇಷನ್ ಆಯಿತು. ಎಚ್ಚರವಾದಾಗ ಮೂಗಿನ ತುಂಬ ಹತ್ತಿ ತುರುಕಿದ್ದರು, ಗಂಟಲು ಕೆರೆದಂತಿತ್ತು, ಬಾಯಲ್ಲಿ ರಕ್ತದ ಉಪ್ಪು. ಹಾಸಿಗೆಯ ಪಕ್ಕದಲ್ಲಿದ್ದವಳು ಸೊಸೆ. ತುಟಿಗೆ ಒದ್ದೆ ಬಟ್ಟೆ ಒತ್ತಿದಳು, ಬಟ್ಟಲು ಹಿಡಿದಳು, ತಲೆದಿಂಬು ಏರಿಸಿದಳು. ಎಲ್ಲವನ್ನೂ ಸರಿಯಾಗಿ ಮಾಡಿದಳು. ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಮನೆಗೆ ಬಂದಮೇಲೆಯೂ ಉಪ್ಪುನೀರು ಕಾಸಿ ಆರಿಸಿ ಮೂಗು ತೊಳೆಯಲು ಕೊಡುವವಳು ಅವಳೇ. ಪುಸ್ತಕದ ಧೂಳಿನಿಂದ ದೂರವಿರಬೇಕೆಂದು ಡಾಕ್ಟರು ಹೇಳಿದ್ದರಿಂದ ಕೆಲಸದ ಕೋಣೆಗೆ ಬೀಗ ಬಿತ್ತು. ಅಮ್ಮ ಹಗಲಿಡೀ ಹಜಾರದಲ್ಲಿ ಕೂತು, ಸೊಸೆ ಹೊರುವ ಡಬ್ಬಿಗಳ ಚೀಲ ಎರಡು ಕೈಯಿಂದ ಒಂದು ಕೈಗೆ ಇಳಿದದ್ದನ್ನು ನೋಡಿದರು. ಬೆನ್ನು ಈಗಲೂ ನೆಟ್ಟಗೇ ಇತ್ತು, ಆದರೆ ಅದು ಬಲವಂತದ ನೆಟ್ಟಗೆ.

ವಾಸನೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ಹಿಂದಿರುಗಿತು. ಮುಖ ತೊಳೆಯುತ್ತಿದ್ದರು, ಸೋಪು ಸೋಪಾಗಿತ್ತು! ಅಮ್ಮ ಬಚ್ಚಲಿನಲ್ಲೇ ನಿಂತು ಅದನ್ನು ಮತ್ತೆ ಮತ್ತೆ ಮೂಸಿದರು. ಟವೆಲು, ಬಾಗಿಲ ಮರ, ಕೊಯ್ದಿಟ್ಟ ನಿಂಬೆ, ತಮ್ಮದೇ ಕೂದಲು, ಎಲ್ಲವೂ ಕಳೆದುಹೋದ ಬಂಧುಗಳಂತೆ ಒಂದೊಂದಾಗಿ ಬಂದು ಮಾತಾಡಿಸಿದವು. ಕಣ್ಣು ಒದ್ದೆಯಾಯಿತು. ಆ ಉತ್ಸಾಹದಲ್ಲಿ, ಹಳೆಯ ಕಾಗದದ ವಾಸನೆ ಕುಡಿಯಬೇಕೆಂಬ ಆಸೆಯಿಂದ ಕೆಲಸದ ಕೋಣೆಯ ಬೀಗ ತೆರೆದರು. ಸೊಸೆ ಆಗಲೇ ಕಚೇರಿಗೆ ಹೊರಟುಹೋಗಿದ್ದಳು.

ಬಾಗಿಲು ತೆರೆದದ್ದೇ ತಡ, ಯಾರೋ ಮುಖಕ್ಕೆ ಕೊಳಕು ಬಟ್ಟೆ ಎಸೆದಂತಾಯಿತು. ಜಿಡ್ಡು ಹಳಸಿದಂಥ, ಹುಳಿಯೂ ಮುಗ್ಗುಲೂ ಬೆರೆತಂಥ ನಾತ. ಇಲಿ ಸತ್ತಿದೆ ಎಂದುಕೊಂಡರು. ಮೂಗು ತನ್ನ ಹಳೆಯ ಅಧಿಕಾರವನ್ನು ಮರೆತಿರಲಿಲ್ಲ. ಅವರನ್ನು ನೇರವಾಗಿ ಕರೆದೊಯ್ದು ಮೇಜಿನ ಮುಂದೆ ನಿಲ್ಲಿಸಿತು. ಮೇಜಿನ ಮೇಲೆ ಏನೂ ಇಲ್ಲ. ಅಂಚಿನ ಕೆಳಗೆ ಕೈಯಾಡಿಸಿದರು. ಬೆರಳಿಗೆ ಗಡಸಾದ, ಗಂಟುಗಂಟಾದ ಏನೋ ತಗುಲಿತು. ಅದರ ಜೊತೆಗೆ ಬೆರಳ ಮೇಲೆ ಏನೋ ಓಡಿತು.

ಮಂಡಿಯೂರಿ ಬಗ್ಗಿ ನೋಡಿದರು.

ಅಂಟು ಬಳಿಯುವಾಗ ಬ್ರಷ್ಷಿಗೆ ಹತ್ತಿದ ಹೆಚ್ಚಿನದನ್ನು ಪಾತ್ರೆಯ ಬಾಯಿಗೆ ಒರೆಸಿದರೆ ಅಲ್ಲಿ ಒಣಗಿ, ಚೂರಾಗಿ ಮತ್ತೆ ಅಂಟಿಗೇ ಬಿದ್ದು ಗಂಟಾಗುತ್ತದೆ. ಅದಕ್ಕೆ ಮೇಜಿನ ಹಲಗೆಯ ಅಡಿಗೆ ಒರೆಸಬೇಕು. ಇದು ತಂದೆ ಕಲಿಸಿದ ಪಾಠ. ವಾರದ ಕೊನೆಗೆ ಮೊಂಡು ಚಾಕು ಹಿಡಿದು ಅಡಿಯನ್ನು ಕೆರೆದು ಬಿಸಿನೀರಿನಿಂದ ಒರೆಸಬೇಕು. ಇದೂ ತಂದೆ ಕಲಿಸಿದ್ದೇ. ಮಂಡಿನೋವು ಬಂದಮೇಲೆ ಅವರು ಬಗ್ಗುವುದನ್ನು ಈ ವಾರ, ಮುಂದಿನ ವಾರ ಎಂದು ತಳ್ಳಿದರು, ತಳ್ಳಿದ್ದು ಮರೆತೇಹೋಯಿತು. ಹುಳಿ ನಾತದಿಂದ ನೆನಪಿಸಬೇಕಾಗಿದ್ದ ಮೂಗು ಅಷ್ಟರಲ್ಲಿ ಮುಚ್ಚಿಹೋಗಿತ್ತು. ಒರೆಸುವ ಕೈ ಮಾತ್ರ ನಿಲ್ಲಲಿಲ್ಲ. ವರ್ಷಗಳ ಮೈದಾ ಪದರದ ಮೇಲೆ ಪದರವಾಗಿ, ಕಂದು ಜೇನುಗೂಡಿನಂತೆ ಜೋತುಬಿದ್ದಿತ್ತು. ಅದರ ಸಂದುಗಳಲ್ಲಿ ಹಿಕ್ಕೆ, ಖಾಲಿ ಮೊಟ್ಟೆಚೀಲ, ಉದುರಿದ ರೆಕ್ಕೆ. ಬೆಳಕು ಬಿದ್ದ ಕಡೆಯಿಂದ ಕತ್ತಲ ಕಡೆಗೆ ಒಂದು ಸಂಸಾರವೇ ಸರಿದು ಹೋಯಿತು. ಅದೇ ಗೂಡಿನ ಮೇಲೆ ಮುಖ ಬಗ್ಗಿಸಿ, ಪುಟಗಳನ್ನು ಮೂಸುವ ನಾಟಕವಾಡುತ್ತ, ಅವರು ದಿನವೂ ಕೂತಿದ್ದರು.

ಅವರು ಮಾಡಿದ ಮೊದಲ ಕೆಲಸ ಬಾಗಿಲು ಹಾಕಿಕೊಂಡದ್ದು. ಯಾರೂ ನೋಡುವ ಮೊದಲೇ ಮುಗಿಸಬೇಕು! ನೋಯುವ ಮಂಡಿಯ ಮೇಲೆ ಕೂತು ಚಾಕುವಿನಿಂದ ಕೆರೆದರು. ಹೆಪ್ಪುಗಟ್ಟಿದ ಅಂಟು ಚಕ್ಕೆ ಚಕ್ಕೆಯಾಗಿ ಮಡಿಲಿಗೆ, ಕೂದಲಿಗೆ ಬಿತ್ತು. ಸೀನು ಬಂತು, ಕಣ್ಣು ಉರಿಯಿತು, ಹೊಸದಾಗಿ ತೆರೆದ ಮೂಗು ಬಿಗಿಯತೊಡಗಿತು. ನಿಲ್ಲಿಸಲಿಲ್ಲ. ಎಲ್ಲವನ್ನೂ ಹಳೆಯ ಪತ್ರಿಕೆಯಲ್ಲಿ ಕಟ್ಟಿ ಹಿತ್ತಲ ಬಾಗಿಲಿಗೆ ತರುವಷ್ಟರಲ್ಲಿ ಎದುರಿಗೆ ಸೊಸೆ.

"ಏನತ್ತೆ ಅದು?"

"ಹಳೇ ಕಾಗದ."

ಪೊಟ್ಟಣದ ಸಂದಿಯಿಂದ ಕಂದು ಚಕ್ಕೆಯೊಂದು ನೆಲಕ್ಕೆ ಬಿತ್ತು. ಅದರ ಹಿಂದೆಯೇ ಬದುಕುಳಿದ ಜಿರಳೆಯೊಂದು ಹೊರಬಿದ್ದು ಅಡುಗೆಮನೆಯ ಕಡೆಗೇ ಓಡಿತು. ಇಬ್ಬರೂ ಅದನ್ನು ನೋಡಿದರು. ಸೊಸೆಯ ಕಣ್ಣು ತೆರೆದ ಕೋಣೆಯ ಬಾಗಿಲಿಗೆ, ಮಗುಚಿಟ್ಟ ಸ್ಟೂಲಿಗೆ, ಅತ್ತೆಯ ಕೂದಲಿಗೆ ಹೋಗಿ ಬಂತು. ಕೈಯಲ್ಲಿದ್ದ ಚೀಲ ಕೆಳಗಿಟ್ಟಳು.

"ಮೂಗು ಈಗಷ್ಟೇ ಮಾಗ್ತಿದೆ. ಇಂಥ ಕೆಲಸಕ್ಕೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕಿತ್ತು," ಎಂದು ಹೇಳಿ ಉಪ್ಪುನೀರು ಕಾಸಲು ಒಳಗೆ ಹೋದಳು.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಪಾತ್ರೆಗೆ ನೀರು ಬಗ್ಗಿಸುವ ಸದ್ದು ಕೇಳುತ್ತ ಇನ್ಸ್‌ಪೆಕ್ಟರಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸೀದ ಹಾಲಿನ ದಿನ ಈ ಹೆಣ್ಣು ಅವರ ಮರ್ಯಾದೆ ಉಳಿಸಲು ತಪ್ಪನ್ನು ತನ್ನ ತಲೆಯ ಮೇಲೆ ಎಳೆದುಕೊಂಡಳು. ಡಾಕ್ಟರ ಮುಂದೆ ಅವರು ತಮ್ಮ ಕೊಳಕನ್ನು ಅದೇ ತಲೆಯ ಮೇಲೆ ಸುರಿದರು. ಹೀಗೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ತಪ್ಪಿಸಿಕೊಳ್ಳಲು ಒಂದು ಸಂದೂ ಉಳಿಯಲಿಲ್ಲ. ಹಾಗಿದ್ದೂ ಆ ದಿನ ಅವರು ಏನನ್ನೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದು, ಸೊಸೆಯ ಮುಖ ನೋಡಿ, ವಾಪಸು ಹೋಗುತ್ತಿತ್ತು.

ಡಾಕ್ಟರ ಬಳಿ ತೋರಿಸುವ ದಿನ ಬಂತು. ಮತ್ತೆ ಅದೇ ಕೋಣೆ, ಪಕ್ಕದಲ್ಲಿ ಅದೇ ಸೊಸೆ. ಡಾಕ್ಟರು ಕೊಳವೆ ಇಳಿಸಿ ನೋಡಿ ಖುಷಿಪಟ್ಟರು. "ದಾರಿ ಚೆನ್ನಾಗಿ ತೆರೆದಿದೆ," ಎಂದು ಸೊಸೆಯ ಕಡೆ ತಿರುಗಿ, "ನೀವೂ ಅಡುಗೆಮನೆ ಚೊಕ್ಕ ಮಾಡಿದ್ರಿ ಅಂತ ಕಾಣುತ್ತೆ, ಭೇಷ್," ಎಂದರು.

ಸೊಸೆ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಅಮ್ಮ ಕುರ್ಚಿಯ ಅಂಚಿಗೆ ಸರಿದರು.

"ಅಡುಗೆಮನೆಯಲ್ಲಿ ಏನೂ ಇರಲಿಲ್ಲ ಡಾಕ್ಟ್ರೇ. ಎಲ್ಲಾ ನನ್ನ ಮೇಜಿನ ಕೆಳಗಿತ್ತು. ನಾನೇ ಬಳಿದ ಅಂಟು, ನಾನೇ ಸಾಕಿದ ಜಿರಳೆ. ಅವತ್ತು ನಿಮ್ಮ ಮುಂದೆ ಇವಳ ಮೇಲೆ ಹಾಕಿದ್ದು ಸುಳ್ಳು."

ಇಷ್ಟು ಹೇಳಲು ಇಡೀ ಜೀವ ಬೇಕಾಯಿತು. ಡಾಕ್ಟರಿಗೆ ಅದು ಅಂಥ ದೊಡ್ಡ ಸಂಗತಿಯಾಗಿ ಕಾಣಲಿಲ್ಲ. "ಮೂಲ ಸಿಕ್ಕಿತಲ್ಲ, ಒಳ್ಳೇದೇ ಆಯ್ತು," ಎಂದರು. ಸ್ಪ್ರೇ ನಿಲ್ಲಿಸಬೇಡಿ, ಮೂಗು ತೊಳೆಯುವುದು ಬಿಡಬೇಡಿ, ರಕ್ತದಲ್ಲಿರುವ ಕಾವಲಿನವರು ಅಷ್ಟು ಸುಲಭವಾಗಿ ಮರೆಯುವವರಲ್ಲ ಎಂದು ನಕ್ಕು ಮುಂದಿನ ರೋಗಿಯನ್ನು ಕರೆಸಿದರು.

ಹೊರಗಿನ ಉದ್ದನೆಯ ಓಣಿಯಲ್ಲಿ ಅಮ್ಮ ಹಗುರಾದವರಂತೆ ನಡೆದರು. ಸೊಸೆ ಏನಾದರೂ ಹೇಳಿಯಾಳು ಎಂದು ಕಾದರು. ಅವಳು ಮೆಟ್ಟಿಲಿಳಿದ ಮೇಲೆ ಹೇಳಿದಳು.

"ಅತ್ತೆ, ಡಾಕ್ಟರ ಹತ್ರ ಹೇಳಿದ್ರಿ. ಡಾಕ್ಟರು ನನ್ನ ಹತ್ರ ಊಟ ತರಿಸಿಕೊಳ್ಳಲ್ಲ."

"ಹಾಗಂದ್ರೆ?"

"ಹಾಗಂದ್ರೆ ಇನ್ನೇನಿಲ್ಲ. ಈ ವಾರ ಇನ್ನಿಬ್ಬರು ಬೇಡ ಅಂದ್ರು. ಮುಂದಿನ ತಿಂಗಳಿಂದ ನಿಲ್ಲಿಸಿಬಿಡೋಣ ಅಂತಿದ್ದೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಸಾಮಾನು ಮುಗಿದಿದೆ ಎಂದು ಹೇಳುವಂತೆ ಹೇಳಿದಳು. ಆಗ ತಾನೇ ಬಂದ ಹಗುರ ಅಮ್ಮನಿಗೆ ನಾಚಿಕೆಗೇಡೆನಿಸಿತು. ಮುಚ್ಚಿದ ಬಾಗಿಲ ಹಿಂದೆ, ಏನೂ ಕಳೆದುಕೊಳ್ಳದ ಕಡೆ ನಿಜ ಹೇಳಿ, ಅದಕ್ಕೆ ಪ್ರತಿಯಾಗಿ ಮೆಚ್ಚುಗೆಯನ್ನೂ ನಿರೀಕ್ಷಿಸಿದ್ದರು!

ಮರುದಿನ ಮಧ್ಯಾಹ್ನ ಸೊಸೆ ಚೀಲ ಎತ್ತಿಕೊಳ್ಳುವ ಮೊದಲೇ ಅದಕ್ಕೆ ಕೈ ಹಾಕಿದರು. "ನಾನೂ ಬರ್ತೀನಿ." ಅವಳು ಬೇಡ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ.

ವಿಮಾ ಕಚೇರಿಯ ಊಟದ ಕೋಣೆ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಕುರ್ಚಿಗಳು, ಗೋಡೆಯುದ್ದಕ್ಕೂ ಕಪಾಟಿನಲ್ಲಿ ಹಳೆಯ ವರ್ಷಗಳ ದಪ್ಪ ಸಂಪುಟಗಳು. ಗುಮಾಸ್ತರು ತಂತಮ್ಮ ಬುತ್ತಿ ಬಿಚ್ಚುತ್ತಿದ್ದರು. ಟೈಪಿಸ್ಟು ಇವರನ್ನು ನೋಡಿ ಪಕ್ಕದವಳ ಮೊಣಕೈ ತಿವಿದಳು. ಹಾಸ್ಯಗಾರ ಗುಮಾಸ್ತ ಬಾಯಲ್ಲಿದ್ದ ತುತ್ತು ನುಂಗಿ, "ಓಹೋ! ಆಪರೇಷನ್ ಮಾಡಿಸಿಕೊಂಡವರೇ ಬಂದ್ರಲ್ಲ. ಮೂಗು ಹೇಗಿದೆ ಅಮ್ಮ?" ಎಂದ.

"ಚೆನ್ನಾಗಿದೆ ಕಣಪ್ಪ. ಅದರ ವಿಷಯ ಹೇಳೋಕೇ ಬಂದೆ."

ಮನೆಯಿಂದ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳು ಒಂದೂ ನೆನಪಾಗಲಿಲ್ಲ.

"ನೀವೆಲ್ಲ ಕೇಳಿದ ಮಾತು ನಾನೇ ಆಡಿದ್ದು. ನಗಿಸೋಕೆ ಆಡಿದೆ. ಅದು ಸುಳ್ಳು. ನನ್ನ ಸೊಸೆಯ ಅಡುಗೆಮನೆಯಲ್ಲಿ ಜಿರಳೆ ಇರಲಿಲ್ಲ. ಇದ್ದದ್ದು ನನ್ನ ಕೆಲಸದ ಕೋಣೆಯಲ್ಲಿ, ನನ್ನ ಮೇಜಿನ ಅಡಿಯಲ್ಲಿ. ನನಗೆ ವರ್ಷಗಳಿಂದ ವಾಸನೆ ತಿಳೀತಿರಲಿಲ್ಲ. ತಿಳಿಯೋ ಹಾಗೆ ನಾಟಕ ಆಡ್ತಿದ್ದೆ. ಇವಳಿಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಈಗ ನಾನು ಹೇಳ್ತಿದ್ದೀನಿ."

ಟೈಪಿಸ್ಟು ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಕೊನೆಗೆ ಹಾಸ್ಯಗಾರನೇ ಬಾಯಿ ತೆರೆದ. ಈ ಸಲ ಅವನ ಮುಖದಲ್ಲಿ ನಗೆಯಿರಲಿಲ್ಲ. ಕಣ್ಣು ಗೋಡೆಯ ಕಪಾಟಿಗೆ ಹೋಗಿತ್ತು.

"ಅಮ್ಮ, ಈ ಸಂಪುಟಗಳನ್ನೆಲ್ಲ ಕಟ್ಟಿದ್ದು ನೀವೇ ಅಲ್ವಾ?"

ಅವರು ಅದನ್ನು ಯೋಚಿಸಿಯೇ ಇರಲಿಲ್ಲ. ಇಡೀ ಗೋಡೆ ಅವರ ಕೈಕೆಲಸ. ನೀಲಿ ಬಟ್ಟೆಯ ಬೆನ್ನುಗಳು, ನೇರವಾದ ಹೊಲಿಗೆ. ಒಂದು ಗಳಿಗೆ, ಬೇರೆ ಯಾರದೋ ಎಂದುಬಿಡಲೇ ಎಂಬ ಯೋಚನೆ ಬಂತು. ಹಳೆಯ ಅಭ್ಯಾಸ ಅಷ್ಟು ಬೇಗ ಸಾಯುವುದಿಲ್ಲ.

"ಹೌದು, ನಾನೇ," ಎಂದರು.

ಕಪಾಟಿಗೆ ಹತ್ತಿರ ಕೂತಿದ್ದ ಒಬ್ಬಾಕೆ ಕುರ್ಚಿಯನ್ನು ಸದ್ದಾಗದಂತೆ ಈಚೆಗೆ ಎಳೆದುಕೊಂಡಳು. ಹಿರಿಯ ಗುಮಾಸ್ತರು ಗಂಟಲು ಸರಿಮಾಡಿಕೊಂಡು, "ರಟ್ಟು ಹಾಕೋಕೆ ನಿಮಗೆ ಕೊಡಬೇಕಿದ್ದ ಈ ವರ್ಷದ ಕಟ್ಟು ಸದ್ಯಕ್ಕೆ ಇಲ್ಲೇ ಇರಲಿ. ಸಾಹೇಬರನ್ನ ಒಂದು ಮಾತು ಕೇಳಿ ಹೇಳ್ತೀವಿ," ಎಂದರು. ಮರ್ಯಾದೆಯಿಂದಲೇ ಹೇಳಿದರು. ಆಮೇಲೆ ಸೊಸೆಯ ಕಡೆ ಕೈ ಚಾಚಿ, "ನನಗೊಂದು ಡಬ್ಬಿ ಇದ್ದರೆ ಕೊಡಮ್ಮ," ಎಂದರು.

ಸೊಸೆ ಚೀಲ ಬಿಚ್ಚಿದಳು. ಹಿರಿಯರ ಪಕ್ಕದಲ್ಲಿದ್ದವನೂ ಒಂದು ತೆಗೆದುಕೊಂಡ. ಟೈಪಿಸ್ಟು ತೆಗೆದುಕೊಳ್ಳಲಿಲ್ಲ, ಆದರೆ ಎದ್ದು ಹೋಗಿ ಕುಡಿಯುವ ನೀರು ತಂದಿಟ್ಟಳು. ಉಳಿದವರು ತಮ್ಮ ಬುತ್ತಿಗೆ ಮರಳಿದರು. ಅಮ್ಮನಿಗೆ ಕೂರಲು ಯಾರೂ ಹೇಳಲಿಲ್ಲ. ಹೇಳಿದ್ದರೂ ಎಲ್ಲಿ ಕೂರಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

"ನೀವು ಹೋಗಿ ಅತ್ತೆ," ಎಂದಳು ಸೊಸೆ, ಡಬ್ಬಿಯ ಮುಚ್ಚಳ ತೆಗೆಯುತ್ತ. "ಇವರದು ಮುಗಿಯೋವರೆಗೆ ನಾನಿರಬೇಕು. ಬಿಸಿಲಿದೆ, ನೆರಳು ಹಿಡಿದು ನಡೀರಿ."

ಅದು ಕ್ಷಮೆಯೋ, ಎಂದಿನ ಕರ್ತವ್ಯವೋ, ದನಿಯಿಂದ ತಿಳಿಯಲಿಲ್ಲ. ಕೇಳುವ ಹಕ್ಕು ತಮಗಿಲ್ಲವೆಂಬುದು ಮಾತ್ರ ಅಮ್ಮನಿಗೆ ಸ್ಪಷ್ಟವಾಗಿತ್ತು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ನಡುವಿನ ತಿರುವಿಗೆ ಬಂದಾಗ ಮೇಲಿನ ಕೋಣೆಯಲ್ಲಿ ಯಾರೋ ಏನೋ ಹೇಳಿದರು. ಹಲವರು ಒಟ್ಟಿಗೆ ನಕ್ಕರು. ಅವರ ಕಾಲು ತಾನಾಗಿಯೇ ನಿಂತಿತು. ಆ ನಗೆ ಯಾರ ಮೇಲೋ, ಅದರಲ್ಲಿ ಸೊಸೆಯ ದನಿಯೂ ಇದೆಯೋ ಎಂದು ಕಿವಿ ನಿಮಿರಿತು. ಆಮೇಲೆ ತಲೆ ತಗ್ಗಿಸಿ, ಕೇಳಿಸಿಕೊಳ್ಳದೆ, ಉಳಿದ ಮೆಟ್ಟಿಲುಗಳನ್ನು ಇಳಿದು ಬಿಸಿಲಿಗೆ ಹೋದರು.